ಡೆಂಟಲ್ ಸ್ಕೂಲ್ ಓದುತ್ತಾ ಹೈಜೀನಿಸ್ಟ್ ಕೆಲಸ ಮಾಡಬಹುದಾ? (ಅಮೆರಿಕದಲ್ಲಿರುವ ಬಿಡಿಎಸ್ ಆದವರು ಹೇಳಿ)

ತುಂಗೆಯ_ತೀರ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬಿಡಿಎಸ್ ಆಗಿದೆ. ಈಗ ಫ್ಲಾರಿಡಾದಲ್ಲಿ ಹೈಜೀನಿಸ್ಟ್ (ಡೆಂಟಿಸ್ಟ್ ಕೈಕೆಳಗೆ ಹಲ್ಲು ಶುಚಿ ಮಾಡೋರು) ಲೈಸೆನ್ಸ್ ಮೇಲೆ ಕೆಲಸ, ಎಚ್-4 ಇಎಡಿ (ಎಚ್-1ಬಿ ವೀಸಾದವರ ಗಂಡ/ಹೆಂಡತಿಗೆ ಸಿಗೋ ಕೆಲಸದ ಪರವಾನಗಿ) ಇದೆ. ಡಿಡಿಎಸ್‌ಗೆ (ಇಲ್ಲಿನ ಡೆಂಟಿಸ್ಟ್ ಪದವಿ) ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಸೀಟು (ಹೊರದೇಶದ ಡೆಂಟಿಸ್ಟರಿಗೆ ಇರೋ ಕಡಿಮೆ ವರ್ಷದ ಕೋರ್ಸು) ಸಿಕ್ಕಿದೆ, ಆದರೆ ಸ್ಕೂಲು ಇರೋದು ಬೇರೆ ರಾಜ್ಯದಲ್ಲಿ. ಫ್ಲಾರಿಡಾದ ಇನ್ನೊಂದು ಸ್ಕೂಲಿನ ಉತ್ತರ ಇನ್ನೂ ಬಂದಿಲ್ಲ. ಓದ್ತಾ ಓದ್ತಾ ವಾರಕ್ಕೆ ಒಂದೆರಡು ದಿನ ಹೈಜೀನ್ ಕೆಲಸ ಮಾಡೋಕೆ ಆಗುತ್ತಾ? ಲೈಸೆನ್ಸು, ವೀಸಾ, ಸ್ಕೂಲಿನ ನಿಯಮ, ಮೈಕೈ ತಡೆಯೋದು, ದುಡ್ಡು, ಎಲ್ಲದರ ಬಗ್ಗೆ ಹೇಳಿ. "ಓದಿನ ಕಡೆ ಗಮನ ಕೊಡಿ" ಅನ್ನೋ ಮಾತು ಮನೆಯಲ್ಲೇ ಸಾಕಷ್ಟು ಸಿಕ್ಕಿದೆ, ನನಗೆ ಬೇಕಿರೋದು ವಿವರ.

ಟ್ಯಾಂಪಾ_ಕನ್ನಡಿಗ
ಮೊದಲು ಲೈಸೆನ್ಸ್ ವಿಷಯ ಇತ್ಯರ್ಥ ಮಾಡ್ಕೊಳ್ಳಿ, ಉಳಿದದ್ದು ಆಮೇಲೆ. ಹೊರದೇಶದಲ್ಲಿ ಡೆಂಟಿಸ್ಟ್ರಿ ಓದಿದವರನ್ನ ನೇರವಾಗಿ ಹೈಜೀನ್ ಪರೀಕ್ಷೆಗೆ ಕೂರಿಸೋದು ಫ್ಲಾರಿಡಾದ ಪದ್ಧತಿ. ದಾಖಲೆ ಮೌಲ್ಯಮಾಪನ, ಎನ್‌ಬಿಡಿಎಚ್‌ಇಯ (ಹೈಜೀನಿಸ್ಟರ ರಾಷ್ಟ್ರಮಟ್ಟದ ಲಿಖಿತ ಪರೀಕ್ಷೆ) 350 ಪ್ರಶ್ನೆ, ಅಡೆಕ್ಸ್ ಅನ್ನೋ ಕ್ಲಿನಿಕಲ್ ಹೈಜೀನ್ ಪರೀಕ್ಷೆ, ರಾಜ್ಯದ ಕಾನೂನು ಪರೀಕ್ಷೆ, ಇಷ್ಟು ದಾಟಿದರೆ ಲೈಸೆನ್ಸ್ ಕೈಗೆ ಬರುತ್ತೆ. ಆದರೆ ಬಹುತೇಕ ರಾಜ್ಯಗಳ ಬೋರ್ಡು ಕೇಳೋದು ಕೋಡಾ (ಅಮೆರಿಕದ ದಂತ ಶಿಕ್ಷಣಕ್ಕೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇರುವ ಹೈಜೀನ್ ಕೋರ್ಸಿನ ಸರ್ಟಿಫಿಕೇಟು. ಬಿಡಿಎಸ್ ಅದಕ್ಕೆ ಸಮ ಆಗಲ್ಲ. ಅಂದ್ರೆ ಬೇರೆ ರಾಜ್ಯಕ್ಕೆ ಹೋದ ದಿನದಿಂದ ಅಲ್ಲಿ ನೀವು ಹೈಜೀನಿಸ್ಟ್ ಅಲ್ಲ. ಸೀಟು ಒಪ್ಪಿಕೊಳ್ಳುವ ಮುಂಚೆ ಆ ರಾಜ್ಯದ ಡೆಂಟಲ್ ಬೋರ್ಡಿಗೆ ಒಂದು ಇಮೇಲ್ ಹಾಕಿ, ಉತ್ತರವನ್ನ ಬರಹದಲ್ಲೇ ತರಿಸಿಕೊಳ್ಳಿ.

ಬಯಲುಸೀಮೆ
ಈಗ ರಾಜ್ಯ ರಾಜ್ಯಗಳ ನಡುವೆ ಲೈಸೆನ್ಸ್ ಕಾಂಪ್ಯಾಕ್ಟ್ (ಒಂದು ರಾಜ್ಯದ ಲೈಸೆನ್ಸ್ ಇನ್ನೊಂದರಲ್ಲಿ ನಡೆಯೋ ಒಪ್ಪಂದ) ಬಂದಿದೆಯಲ್ಲ ಸರ್, ಅದರಲ್ಲಿ ಆಗಲ್ವಾ?

ಟ್ಯಾಂಪಾ_ಕನ್ನಡಿಗ
ಇವರಿಗೆ ಉಪಯೋಗ ಇಲ್ಲ. ಕಾಂಪ್ಯಾಕ್ಟ್ ಕೂಡ ಅಮೆರಿಕದ ಮಾನ್ಯತೆ ಇರುವ ಕೋರ್ಸನ್ನೇ ಕೇಳುತ್ತೆ. ಇಲ್ಲೇ ಹೈಜೀನ್ ಕೋರ್ಸ್ ಮಾಡಿ ಆಮೇಲೆ ಡೆಂಟಲ್ ಸ್ಕೂಲಿಗೆ ಹೋಗುವವರಿಗೆ ಮಾತ್ರ ಆ ದಾರಿ.

ಪಡುಕಡಲು
ಲೈಸೆನ್ಸ್ ಇಲ್ಲದ ರಾಜ್ಯಕ್ಕೆ ಹೋದರೂ ದಾರಿ ಪೂರ್ತಿ ಮುಚ್ಚಿಲ್ಲ ಮಾರಾಯ್ರೆ. ಡೆಂಟಲ್ ಅಸಿಸ್ಟೆಂಟ್ ಕೆಲಸ ಉಂಟು. ಎಕ್ಸ್‌ರೇ ತೆಗೆಯಲಿಕ್ಕೆ ಹೆಚ್ಚಿನ ರಾಜ್ಯಗಳಲ್ಲಿ ಬೇರೆಯೇ ಒಂದು ಸರ್ಟಿಫಿಕೇಟು ಬೇಕಾಗುತ್ತದೆ, ಡ್ಯಾನ್ಬಿ ಎಂಬ, ಡೆಂಟಲ್ ಅಸಿಸ್ಟೆಂಟರಿಗೆ ಪರೀಕ್ಷೆ ನಡೆಸುವ ಸಂಸ್ಥೆಯ ರೇಡಿಯೇಶನ್ ಪರೀಕ್ಷೆ ಬರೆದರೆ ಅನೇಕ ಕಡೆ ನಡೆಯುತ್ತದೆ. ಸಂಬಳ ಹೈಜೀನಿಸ್ಟಿನಷ್ಟು ಬರುವುದಿಲ್ಲ. ಆದರೆ ರಿಸ್ಟೋರೇಟಿವ್ (ಫಿಲ್ಲಿಂಗ್, ಕ್ರೌನ್) ಕೆಲಸದ ಪಕ್ಕದಲ್ಲೇ ಕೂತು ನೋಡಲಿಕ್ಕೆ ಸಿಗುತ್ತದೆ: ಮ್ಯಾಟ್ರಿಕ್ಸ್ ಬ್ಯಾಂಡ್ ಹೇಗೆ ಕೂತಿತು, ಬಾಂಡಿಂಗ್ ಏಜೆಂಟ್ ಎಷ್ಟು ಹೊತ್ತು ಉಜ್ಜಿದರು, ರೆಟ್ರಾಕ್ಷನ್ ಕಾರ್ಡ್ ಯಾವ ನಂಬರಿನದ್ದು. ಡಿಡಿಎಸ್ ಓದುವವರಿಗೆ ಪ್ರಾಫಿ (ಮಾಮೂಲಿ ಹಲ್ಲು ಶುಚಿ) ಮಾಡುವುದಕ್ಕಿಂತ ಇದೇ ಹೆಚ್ಚು ಉಪಯೋಗ ಅಂತ ನನ್ನ ಅಭಿಪ್ರಾಯ.

ಲೆಕ್ಕದ_ಪುಸ್ತಕ
ಹೆಚ್ಚು ಉಪಯೋಗ ಅಂದ್ರೆ ಒಪ್ಪಲ್ಲ, ದುಡ್ಡಿನ ವ್ಯತ್ಯಾಸ ಸಣ್ಣದಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಮೇ ಲೆಕ್ಕದಲ್ಲಿ ಹೈಜೀನಿಸ್ಟ್ ಸಂಬಳದ ಮಧ್ಯಮ ಮಟ್ಟ ವರ್ಷಕ್ಕೆ 87,530 ಡಾಲರ್, ಗಂಟೆಗೆ 42 ಚಿಲ್ಲರೆ. ಶನಿವಾರ 8 ಗಂಟೆ ಮಾಡಿದರೆ ಸುಮಾರು 336, ತಿಂಗಳಿಗೆ ನಾಲ್ಕು ಶನಿವಾರ ಅಂದ್ರೆ ತೆರಿಗೆಗೆ ಮುಂಚೆ 1,340 ಡಾಲರ್ ಆಸುಪಾಸು. ಫೀಸು ಕಟ್ಟೋಕೆ ಇದು ಸಾಲದು, ಅದನ್ನ ಮನಸ್ಸಿಂದ ತೆಗೆದುಹಾಕಿ. ಆದರೆ ಹಂಚಿಕೊಂಡ ಮನೆಯ ಬಾಡಿಗೆ, ದಿನಸಿ, ಕಾರ್ ಇನ್ಶೂರೆನ್ಸ್ ಇದರಲ್ಲಿ ಹೋಗುತ್ತೆ. ಖರ್ಚಿಗಂತ ಸಾಲ ತೆಗೆದರೆ ಅದರ ಬಡ್ಡಿ ಓದೋ ಕಾಲದಲ್ಲೇ ಏರ್ತಾ ಹೋಗುತ್ತಲ್ಲ, ಉಳಿಯೋದು ಅಲ್ಲಿ.

ಸಾಲದ ಬಗ್ಗೆ ಇನ್ನೊಂದು. ಎಚ್-4, ಎಫ್-1 (ವಿದ್ಯಾರ್ಥಿ ವೀಸಾ) ಇದ್ದವರಿಗೆ ಫೆಡರಲ್ ಸಾಲ ಸಿಗಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಜಾಮೀನುದಾರರು ಬೇಕು. ಗ್ರೀನ್ ಕಾರ್ಡ್ ಇದ್ದವರಿಗೂ 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವಾಗ ಗ್ರ್ಯಾಡ್ ಪ್ಲಸ್ (ಪೂರ್ತಿ ಖರ್ಚಿಗೆ ಸಿಗ್ತಿದ್ದ ಫೆಡರಲ್ ಸಾಲ) ಇಲ್ಲ. ವೃತ್ತಿಪರ ಕೋರ್ಸಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್ ಮಿತಿ. ಬಹಳಷ್ಟು ಡೆಂಟಲ್ ಸ್ಕೂಲುಗಳ ವರ್ಷದ ಖರ್ಚು ಅದನ್ನ ದಾಟುತ್ತೆ. ಹಾಗಾಗಿ "ಕೆಲಸ ಬೇಡ, ಸಾಲದಲ್ಲಿ ಓದಿ" ಅನ್ನೋ ಹಳೆಯ ಸಲಹೆ ಈಗ ಎಲ್ಲರಿಗೂ ಹೊಂದಲ್ಲ.

ಧಾರವಾಡದ_ಗಾಳಿ
ಮೊದಲ ವರ್ಷ ಕೆಲಸ ಹಿಡೀಬ್ಯಾಡ್ರಿ. ಸಿಮ್ ಲ್ಯಾಬ್ (ಪ್ಲಾಸ್ಟಿಕ್ ಹಲ್ಲಿನ ಮ್ಯಾಲೆ ಕೆಲಸ ಕಲಿಯೂ ಲ್ಯಾಬ್) ಮುಂಜಾನೆ ಎಂಟಕ್ಕ ಶುರು ಆದ್ರ ಸಂಜಿ ಐದರ ತನಕ. ಆಮ್ಯಾಲೆ ಪ್ರ್ಯಾಕ್ಟಿಸ್‌ಗೆ ಲ್ಯಾಬ್ ತೆರೆದಿರೋದ ಸಂಜಿ ಮತ್ತ ಶನಿವಾರ. ನೀವು ದುಡೀಬೇಕಂತಿರೋದೂ ಅದ ಶನಿವಾರ. ಹೆಂಗ ಹೊಂದಿಸ್ತೀರಿ?

ಸ್ಕೇಲರ್_204
ಎಲ್ಲಾ ಶನಿವಾರವೂ ಲ್ಯಾಬ್‌ಗೆ ಹೋಗಬೇಕಾಗಿಲ್ಲ. ಸೆಮಿಸ್ಟರ್ ಶುರುವಾದ ಕೂಡಲೇ ಎಲ್ಲಾ ಸಿಲಬಸ್‌ನಲ್ಲಿರುವ ಪ್ರಾಕ್ಟಿಕಲ್ ಪರೀಕ್ಷೆಗಳ ದಿನಾಂಕ ಒಂದೇ ಕ್ಯಾಲೆಂಡರಿಗೆ ಹಾಕಿ. ಪ್ರತಿ ಪ್ರಾಕ್ಟಿಕಲ್‌ನ ಹಿಂದಿನ ಎರಡು ವಾರಾಂತ್ಯ ಖಾಲಿ ಬಿಡಿ. ಉಳಿದದ್ದನ್ನ ಮಾತ್ರ ಕೆಲಸಕ್ಕೆ ಕೊಡಿ. ಖಾಯಂ ಕೆಲಸ ಹಿಡಿಯದೆ ಟೆಂಪ್ (ಬೇಕಾದ ದಿನ ಮಾತ್ರ ಬದಲಿ ಕೆಲಸ) ಮಾಡೋದು ಇದಕ್ಕೇ. ಆ್ಯಪ್‌ನಲ್ಲಿ ಶಿಫ್ಟ್ ಹಿಡಿದು ಕೊನೇ ಗಳಿಗೆಯಲ್ಲಿ ಕೈಬಿಟ್ಟರೆ ರೇಟಿಂಗ್ ಬೀಳುತ್ತೆ, ಆಮೇಲೆ ಒಳ್ಳೇ ಕ್ಲಿನಿಕ್‌ಗಳು ಕರೆಯಲ್ಲ. ಆದ್ದರಿಂದ ಕ್ಯಾಲೆಂಡರ್ ಮೊದಲು, ಶಿಫ್ಟ್ ನಂತರ.

ಟೆಂಪ್‌ಗೆ ಹೋಗೋರು ಕೇಳಲೇಬೇಕಾದ ಪ್ರಶ್ನೆಗಳು: ಒಬ್ಬ ರೋಗಿಗೆ ಎಷ್ಟು ನಿಮಿಷ, ಎರಡು ಕುರ್ಚಿ ಒಟ್ಟಿಗೆ ನೋಡಬೇಕಾ, ಯಾವ ಸಾಫ್ಟ್‌ವೇರ್, ಅಲ್ಟ್ರಾಸಾನಿಕ್ (ಕಂಪನದಿಂದ ಪಾಚಿ ತೆಗೆಯೋ ಯಂತ್ರ) ಇದೆಯಾ, ಇನ್‌ಸ್ಟ್ರುಮೆಂಟು ಸಾಣೆ ಹಿಡಿದಿದ್ದಾರಾ, ಸಂಬಳ ಡಬ್ಲ್ಯೂ-2ನಾ (ನೌಕರರ ತೆರಿಗೆ ಫಾರಂ) 1099ನಾ (ಗುತ್ತಿಗೆದಾರರದ್ದು). 40 ನಿಮಿಷದ ಸ್ಲಾಟ್ ಅಂದರೆ ನಾನು ಬೇಡ ಅಂತೀನಿ. ಒಂದು ಗಂಟೆಯ ಸ್ಲಾಟನ್ನೇ ತಗೊಳ್ಳಿ: ಹೆಲ್ತ್ ಹಿಸ್ಟರಿ, ಬಿಪಿಗೆ 5 ನಿಮಿಷ, ಬೈಟ್‌ವಿಂಗ್ ಎಕ್ಸ್‌ರೇ ನಾಲ್ಕಕ್ಕೆ 5ರಿಂದ 8, ಪೂರ್ತಿ ಪ್ರೋಬಿಂಗ್‌ಗೆ (ವಸಡಿನ ಸಂದಿನ ಆಳ ಅಳೆಯೋದು) 8ರಿಂದ 10, ಸ್ಕೇಲಿಂಗ್ (ಗಟ್ಟಿ ಪಾಚಿ ಕೆರೆಯೋದು) 20, ಪಾಲಿಶ್, ವಾರ್ನಿಶ್ 5, ಡಾಕ್ಟರ್ ಬಂದು ನೋಡೋಕೆ 5, ಕುರ್ಚಿ ಒರೆಸಿ ಮುಂದಿನವರಿಗೆ ಸಿದ್ಧ ಮಾಡೋಕೆ 5ರಿಂದ 7. ಇದರಲ್ಲೇ ಉಸಿರಾಡೋಕೆ ಜಾಗ ಇಲ್ಲ, 40ರಲ್ಲಿ ಪ್ರೋಬಿಂಗೇ ಹಾರಿಹೋಗುತ್ತೆ.

ಲೆಕ್ಕದ_ಪುಸ್ತಕ
1099 ಅಂದರೆ ಬೇಡ ಅನ್ನಿ. ಬೇರೆಯವರ ಕ್ಲಿನಿಕ್‌ನಲ್ಲಿ, ಅವರು ಹಾಕಿದ ವೇಳಾಪಟ್ಟಿಯಲ್ಲಿ, ಅವರ ಉಪಕರಣದಲ್ಲಿ ಕೆಲಸ ಮಾಡೋ ಹೈಜೀನಿಸ್ಟ್ ಸಾಮಾನ್ಯವಾಗಿ ನೌಕರರೇ, ಗುತ್ತಿಗೆದಾರರಲ್ಲ. 1099ರಲ್ಲಿ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ನ ಪೂರ್ತಿ 15.3% ನಿಮ್ಮ ತಲೆಮೇಲೆ. ಡಬ್ಲ್ಯೂ-2ರಲ್ಲಿ ನಿಮ್ಮ ಪಾಲು 7.65% ಮಾತ್ರ. ಕೆಲಸದಲ್ಲಿ ಸೂಜಿ ಚುಚ್ಚಿದರೆ ವರ್ಕರ್ಸ್ ಕಾಂಪೆನ್ಸೇಶನ್ ಸಿಗೋದೂ ನೌಕರರಿಗೇ.

ಮಲೆನಾಡ_ಮಳೆ
ವೀಸಾ ಬಗ್ಗೆ ಯಾರೂ ಹೇಳಲಿಲ್ಲ. ಎಚ್-4 ಇಎಡಿ ಇದ್ದರೆ ಓದಬಹುದು, ಎಲ್ಲಿ ಬೇಕಾದರೂ ಕೆಲಸವನ್ನೂ ಮಾಡಬಹುದು. ಎಫ್-1ಗೆ ಬದಲಾಯಿಸಿದ ಕ್ಷಣ ಆ ಸ್ವಾತಂತ್ರ್ಯ ಹೋಯ್ತು. ಎಫ್-1ನಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ ಒಳಗೆ. ಹೊರಗಿನ ಖಾಸಗಿ ಕ್ಲಿನಿಕ್‌ನಲ್ಲಿ ಶನಿವಾರದ ಪ್ರಾಫಿ ಅನ್ನೋದು ಸ್ಟೇಟಸ್ ಉಲ್ಲಂಘನೆ. ಹೈಜೀನ್ ಲೈಸೆನ್ಸ್ ಇದೆ ಅನ್ನೋದು ಕೆಲಸದ ಪರವಾನಗಿ ಅಲ್ಲ, ಇವೆರಡು ಬೇರೆ ಬೇರೆ.

ಇಎಡಿ ನವೀಕರಣದಲ್ಲೂ ಹುಷಾರು. 2025ರ ಅಕ್ಟೋಬರ್ 30 ಅಥವಾ ಆಮೇಲೆ ಹಾಕಿದ ನವೀಕರಣ ಅರ್ಜಿಗೆ ಮುಂಚಿನಂತೆ ತಾನಾಗಿ ಅವಧಿ ವಿಸ್ತರಣೆ ಸಿಗಲ್ಲ. ಹಳೇ ಕಾರ್ಡ್ ಮುಗಿದು ಹೊಸದು ಬರದಿದ್ದರೆ ಮಧ್ಯೆ ಒಂದು ದಿನವೂ ಕೆಲಸ ಮಾಡುವ ಹಾಗಿಲ್ಲ. ಅವಧಿ ಮುಗಿಯೋ 180 ದಿನ ಮುಂಚೆ ಅರ್ಜಿ ಹಾಕೋಕೆ ಅವಕಾಶ ಇದೆ, ಆ ಮೊದಲ ವಾರದಲ್ಲೇ ಹಾಕಿಬಿಡಿ.

ತುಂಗೆಯ_ತೀರ
ಎಚ್-4 ಬಿಟ್ಟು ಎಫ್-1 ಆಗಬೇಕು ಅಂತ ಸ್ಕೂಲ್‌ನವರೇ ಹೇಳ್ತಾರಾ?

ಮಲೆನಾಡ_ಮಳೆ
ಎಚ್-4ನಲ್ಲೇ ಪೂರ್ಣಾವಧಿ ಓದೋಕೆ ಕಾನೂನಿನ ಅಡ್ಡಿ ಇಲ್ಲ. ಪ್ರೈಮರಿಯವರ (ನಿಮ್ಮ ಗಂಡ/ಹೆಂಡತಿಯ) ಎಚ್-1ಬಿ ಗಟ್ಟಿಯಾಗಿದ್ದರೆ ಬದಲಾಯಿಸಬೇಡಿ. ಅಂತಿಮ ಮಾತು ಇಮಿಗ್ರೇಷನ್ ವಕೀಲರದ್ದು, ಒಂದು ಸಲ ಫೀಸು ಕೊಟ್ಟು ಕೇಳಿ.

ಪಡುಕಡಲು
ಸ್ಕೂಲಿನ ಕೈಪಿಡಿ ಓದದೆ ಯಾವುದಕ್ಕೂ ಒಪ್ಪಬೇಡಿ. ಕೆಲವು ಸ್ಕೂಲುಗಳು ಹೊರಗಿನ ಕೆಲಸ ಬೇಡ ಅಂತ ಬರೆದಿರುತ್ತವೆ, ಕೆಲವು ಡೀನ್ ಕಚೇರಿಗೆ ತಿಳಿಸಬೇಕು ಅನ್ನುತ್ತವೆ. ಮತ್ತೊಂದು ಮುಖ್ಯ ವಿಷಯ: ಸ್ಕೂಲಿನ ಮಾಲ್‌ಪ್ರಾಕ್ಟಿಸ್ ವಿಮೆ ಸ್ಕೂಲ್ ಕ್ಲಿನಿಕ್ ಒಳಗಿನ ಕೆಲಸಕ್ಕೆ ಮಾತ್ರ. ಹೊರಗೆ ಹೈಜೀನಿಸ್ಟ್ ಆಗಿ ಕೂತಾಗ ನಿಮ್ಮದೇ ಪಾಲಿಸಿ ಇರಬೇಕು. ಕ್ಲಿನಿಕ್‌ನವರು "ನಮ್ಮದರಲ್ಲಿ ಸೇರಿದೆ" ಅಂದರೆ ನಿಮ್ಮ ಹೆಸರು ಇರುವ ಪ್ರತಿ ಕೇಳಿ.

ಗ್ರೇಸಿ_1314
ನಿಜವಾದ ಅಪಾಯ ಇನ್ನೊಂದಿದೆ. ನೀವು ಡೆಂಟಲ್ ಸ್ಟೂಡೆಂಟ್ ಅಂತ ಗೊತ್ತಾದ ತಕ್ಷಣ ಕೆಲವು ಡಾಕ್ಟರುಗಳು "ಆ ಸಣ್ಣ ಫಿಲ್ಲಿಂಗ್ ನೀವೇ ಹಾಕಿಬಿಡಿ, ಬಿಡಿಎಸ್ ಆಗಿದೆಯಲ್ಲ" ಅಂತಾರೆ. ಹಾಕಿದರೆ ಅದು ಲೈಸೆನ್ಸ್ ಇಲ್ಲದೆ ಡೆಂಟಿಸ್ಟ್ರಿ ಮಾಡಿದ ಹಾಗೆ. ಸ್ಕೂಲಿನಲ್ಲಿ ಅದೇ ಫಿಲ್ಲಿಂಗನ್ನ ಫ್ಯಾಕಲ್ಟಿ ಕಣ್ಣೆದುರು ಹಾಕಿರಬಹುದು, ಆದರೆ ಹೊರಗೆ ನಿಮ್ಮ ವ್ಯಾಪ್ತಿ ಹೈಜೀನ್ ಲೈಸೆನ್ಸ್‌ನ ವ್ಯಾಪ್ತಿ ಅಷ್ಟೇ. ಡಯಾಗ್ನೋಸಿಸ್ ಹೇಳೋದೂ ಇಲ್ಲ. "ಇಲ್ಲಿ ಕೇರೀಸ್ ಇದೆ, ಕ್ರೌನ್ ಬೇಕು" ಅಂತ ರೋಗಿಗೆ ಹೇಳೋ ಬದಲು, ಎಕ್ಸ್‌ರೇಯಲ್ಲಿ ಕಂಡದ್ದನ್ನ ನೋಟ್‌ನಲ್ಲಿ ಬರೆದು ಡಾಕ್ಟರ್‌ಗೆ ತೋರಿಸಿ.

ಇಂಜೆಕ್ಷನ್ ವಿಷಯವೂ ಅಷ್ಟೇ. ಫ್ಲಾರಿಡಾದಲ್ಲಿ ಹೈಜೀನಿಸ್ಟ್ ಲೋಕಲ್ ಅನಸ್ತೇಷಿಯಾ ಕೊಡಬೇಕಾದರೆ 30 ಗಂಟೆ ಪಾಠ, 30 ಗಂಟೆ ಕ್ಲಿನಿಕಲ್ ತರಬೇತಿ ಆಗಿ ಪ್ರತ್ಯೇಕ ಸರ್ಟಿಫಿಕೇಟ್ ಇರಬೇಕು, ಡೆಂಟಿಸ್ಟರ ನೇರ ಮೇಲ್ವಿಚಾರಣೆ ಇರಬೇಕು, ರೋಗಿಗೆ 18 ದಾಟಿರಬೇಕು, ಸೆಡೇಶನ್ ಕೊಟ್ಟಿರಬಾರದು. ಬಿಡಿಎಸ್‌ನಲ್ಲಿ ಎಷ್ಟು ಐಎಎನ್‌ಬಿ (ಕೆಳದವಡೆ ಮರಗಟ್ಟಿಸೋ ಇಂಜೆಕ್ಷನ್) ಕೊಟ್ಟಿದ್ದರೂ ಆ ಕಾಗದ ಇಲ್ಲದೆ ಸಿರಿಂಜ್ ಮುಟ್ಟುವ ಹಾಗಿಲ್ಲ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಮುಂದೆ ಡೆಂಟಲ್ ಲೈಸೆನ್ಸ್ ಅರ್ಜಿಯಲ್ಲಿ "ಯಾವುದೇ ಆರೋಗ್ಯ ವೃತ್ತಿಯ ಲೈಸೆನ್ಸ್ ಮೇಲೆ ಶಿಸ್ತುಕ್ರಮ ಆಗಿದೆಯಾ" ಅನ್ನೋ ಪ್ರಶ್ನೆ ಇರುತ್ತೆ. ಹೈಜೀನ್ ಲೈಸೆನ್ಸ್ ಮೇಲಿನ ಕಲೆ ಡಿಡಿಎಸ್ ಲೈಸೆನ್ಸ್‌ಗೂ ಅಂಟಿಕೊಳ್ಳುತ್ತೆ.

ಬಯಲುಸೀಮೆ
ಬಿಲ್ಲಿಂಗ್ ಕೋಡ್ ಹಾಕೋದು ಡಾಕ್ಟರಲ್ವಾ, ಅದರಲ್ಲಿ ಹೈಜೀನಿಸ್ಟ್‌ಗೆ ತೊಂದರೆ ಇಲ್ಲ ತಾನೆ?

ಗ್ರೇಸಿ_1314
ಇದೆ. ಚಾರ್ಟಿನಲ್ಲಿ ನೀವು ಬರೆದ ಅಂಕಿ, ಹಾಕಿದ ಕೋಡು ಒಂದಕ್ಕೊಂದು ತಾಳೆ ಆಗಬೇಕು. ಡಿ1110 ಅಂದರೆ ಪ್ರಾಫಿ. 5-6 ಮಿಮೀ ಪಾಕೆಟ್ (ಹಲ್ಲು-ವಸಡಿನ ನಡುವಿನ ಸಂದು), ಮೂಳೆ ಸವೆತ ಇರುವ ಬಾಯಿಗೆ ಪ್ರಾಫಿ ಕೋಡ್ ಹಾಕಿ ರಕ್ತ ಸುರಿಸಿ ಕಳಿಸೋದು ತಪ್ಪು. ಅಲ್ಲಿ ಬೇಕಾದದ್ದು ಡಿ4341 (ವಸಡಿನ ಕೆಳಗೆ ಬೇರಿನ ಮೇಲೂ ಸ್ಕೇಲಿಂಗ್), ಆ ಕ್ವಾಡ್ರಂಟ್‌ನಲ್ಲಿ (ಬಾಯಿಯ ಕಾಲುಭಾಗ) ನಾಲ್ಕು ಅಥವಾ ಹೆಚ್ಚು ಹಲ್ಲಿಗೆ. ಒಂದರಿಂದ ಮೂರು ಹಲ್ಲಾದರೆ ಡಿ4342. ಮೂಳೆ ಸವೆದಿಲ್ಲ, ಆದರೆ ವಸಡು ಎಲ್ಲೆಡೆ ಊದಿಕೊಂಡಿದೆ ಅಂದರೆ 2017ರಿಂದ ಇರುವ ಡಿ4346. ಉಲ್ಟಾ ಕಥೆಯೂ ಇದೆ: 3 ಮಿಮೀ ಇರುವ ಕಡೆ 5 ಅಂತ ಬರೆಸಿ ಡಿ4341 ಬಿಲ್ ಮಾಡಿಸುವ ಕ್ಲಿನಿಕ್‌ಗಳು. ಅಲ್ಲಿಗೆ ಎರಡನೇ ಸಲ ಹೋಗಬೇಡಿ.

ಸ್ಕೇಲರ್_204
ಚಾರ್ಟಿಂಗ್ ಅಂದ ಮೇಲೆ ಹಲ್ಲಿನ ನಂಬರ್ ಬಗ್ಗೆ ಹೇಳಲೇಬೇಕು. ನಾವು ಎಫ್‌ಡಿಐನಲ್ಲಿ ಓದಿದವರು, ಇಲ್ಲಿ ಯುನಿವರ್ಸಲ್. ನಮ್ಮ 16 ಇಲ್ಲಿ 3. ಇಲ್ಲಿ 16 ಅಂದರೆ ಮೇಲಿನ ಎಡ ವಿಸ್ಡಮ್ ಟೂತ್, ನಮ್ಮ 28. ನಮ್ಮ 26 ಇಲ್ಲಿ 14, 36 ಇಲ್ಲಿ 19, 46 ಇಲ್ಲಿ 30. ಸುಸ್ತಾದಾಗ ಬಾಯಲ್ಲಿ ಹಳೇ ನಂಬರೇ ಬರುತ್ತೆ, ಅಸಿಸ್ಟೆಂಟ್ ಅದನ್ನೇ ಟೈಪ್ ಮಾಡ್ತಾರೆ. ಮೊದಲ ತಿಂಗಳು ನಂಬರ್ ಜೊತೆ ಹಲ್ಲಿನ ಹೆಸರೂ ಹೇಳಿ: "ಮೂರು, ಮೇಲಿನ ಬಲ ಮೊದಲ ಮೋಲಾರ್".

ಧಾರವಾಡದ_ಗಾಳಿ
ಖರೇ ಐತಿ. ಬೆಂಚ್ ಟೆಸ್ಟಿನ್ಯಾಗೂ (ಸ್ಕೂಲ್ ಪ್ರವೇಶದ ಕೈಕೆಲಸದ ಪರೀಕ್ಷೆ) ಹಿಂಗ ಆಗ್ತದ, 14ರ ಮ್ಯಾಲೆ ಕ್ರೌನ್ ಪ್ರೆಪ್ (ಕ್ರೌನ್ ಕೂರಿಸಾಕ ಹಲ್ಲು ಕೆತ್ತೂದು) ಮಾಡ್ರಿ ಅಂದ್ರ ಹಳೇ ನಂಬರಿನ ಲೆಕ್ಕದಾಗ ಪ್ರೀಮೋಲಾರ್ ಕೆತ್ತಿ ಇಡ್ತಾರ.

ಮೈಸೂರು_ಮಲ್ಲಿಗೆ
ಒಂದು ಪ್ರಶ್ನೆ. ಹೈಜೀನಿಸ್ಟ್ ಆಗಿ ಕೈ ಪಳಗಿದ್ದರೆ ಸ್ಕೂಲಿನಲ್ಲಿ ಎಷ್ಟರ ಮಟ್ಟಿಗೆ ಲಾಭ? ಎಲ್ಲರೂ "ನಿಮಗೆ ಸುಲಭ ಆಗುತ್ತೆ" ಅಂತಾರೆ.

ಸ್ಕೇಲರ್_204
ಪೆರಿಯೋ (ವಸಡಿನ ರೋಗದ ವಿಷಯ), ರೇಡಿಯಾಲಜಿ, ರೋಗಿಯ ಜೊತೆ ಮಾತು, ಕನ್ನಡಿಯಲ್ಲಿ ನೋಡಿ ಕೆಲಸ ಮಾಡೋದು, ಫಲ್ಕ್ರಮ್ (ಕೈಗೆ ಬೆರಳಿನ ಆಧಾರ), ಇಷ್ಟರಲ್ಲಿ ಪೂರ್ತಿ ಲಾಭ. ಸಬ್‌ಜಿಂಜೈವಲ್ ಕ್ಯಾಲ್ಕುಲಸ್ (ವಸಡಿನ ಕೆಳಗಿನ ಗಟ್ಟಿ ಪಾಚಿ) ಪತ್ತೆಯ ಕಾಂಪಿಟೆನ್ಸಿ ಪರೀಕ್ಷೆಯಲ್ಲಿ ಬೇರೆಯವರು 11/12 ಎಕ್ಸ್‌ಪ್ಲೋರರ್ ಹಿಡಿದು ಒದ್ದಾಡುವಾಗ ನಿಮ್ಮ ಬೆರಳಿಗೆ ತಟ್ಟನೆ ಗೊತ್ತಾಗುತ್ತೆ.

ಕ್ರೌನ್ ಪ್ರೆಪ್‌ನಲ್ಲಿ ಅದೇ ಕೈ ಅಡ್ಡ ಬರುತ್ತೆ. ಸ್ಕೇಲಿಂಗ್ ಅಂದರೆ ಬ್ಲೇಡನ್ನ ಹಲ್ಲಿಗೆ ಒತ್ತಿ ಎಳೆಯೋದು. ಹೈಸ್ಪೀಡ್ ಹ್ಯಾಂಡ್‌ಪೀಸ್‌ಗೆ ಒತ್ತಡವೇ ಬೇಡ, ಬರ್ ತಾನೇ ಕತ್ತರಿಸಬೇಕು. ಒತ್ತಿದರೆ ಬರ್ ವೇಗ ಕಳೆದುಕೊಳ್ಳುತ್ತೆ, ಮಾರ್ಜಿನ್ ಅಲೆ ಅಲೆಯಾಗುತ್ತೆ, ಪಕ್ಕದ ಹಲ್ಲಿಗೆ ಗೀರು ಬೀಳುತ್ತೆ. ಟೈಪೊಡಾಂಟ್‌ನ (ಅಭ್ಯಾಸಕ್ಕಿರೋ ಬಾಯಿಯ ಮಾದರಿ) ಪ್ಲಾಸ್ಟಿಕ್ ಹಲ್ಲು ಎನಾಮಲ್‌ಗಿಂತ ಮೆತ್ತಗೆ, ಹಾಗಾಗಿ ಅಲ್ಲಿ ತಪ್ಪು ಇನ್ನೂ ಬೇಗ ಆಗುತ್ತೆ. ಶನಿವಾರ ಇಡೀ ಸ್ಕೇಲಿಂಗ್ ಮಾಡಿ ಸೋಮವಾರ ಪ್ರೆಪ್ ಪ್ರಾಕ್ಟಿಕಲ್ ಇಟ್ಟುಕೊಳ್ಳಬೇಡಿ ಅನ್ನೋದು ಇದಕ್ಕೇ. ಭಾನುವಾರ ಒಂದು ಗಂಟೆ ಹ್ಯಾಂಡ್‌ಪೀಸ್ ಹಿಡಿದು ಕೈ ಹಗುರ ಮಾಡ್ಕೊಳ್ಳಿ.

ಪಡುಕಡಲು
ಪೆರಿಯೋದಲ್ಲೂ ಪೂರ್ತಿ ಲಾಭ ಅಂತ ಹೇಳಲಿಕ್ಕೆ ಬರುವುದಿಲ್ಲ. ಹೈಜೀನಿಸ್ಟ್ ಅಂಕಿ ಬರೆಯುತ್ತಾರೆ, ಡಿಡಿಎಸ್ ವಿದ್ಯಾರ್ಥಿ ಆ ಅಂಕಿಗಳಿಂದ ಡಯಾಗ್ನೋಸಿಸ್ ಬರೆಯಬೇಕು. ಹಳೆಯ ಬಿಡಿಎಸ್ ಬ್ಯಾಚಿನವರು ಓದಿದ್ದು 1999ರ ವರ್ಗೀಕರಣ, ಕ್ರಾನಿಕ್, ಅಗ್ರೆಸ್ಸಿವ್ ಅಂತ. 2018ರಲ್ಲಿ ಪ್ರಕಟವಾದ ಹೊಸದರಲ್ಲಿ ಆ ಎರಡೂ ಇಲ್ಲ, ಸ್ಟೇಜ್ (ರೋಗದ ತೀವ್ರತೆ) ಮತ್ತು ಗ್ರೇಡ್ (ಬೆಳೆಯುವ ವೇಗ) ಉಂಟು. ಇಂಟರ್‌ಡೆಂಟಲ್ ಅಟ್ಯಾಚ್‌ಮೆಂಟ್ ನಷ್ಟ (ಹಲ್ಲುಗಳ ನಡುವೆ ವಸಡಿನ ಹಿಡಿತ ಕಳಚಿದ್ದು) ಅತಿ ಹೆಚ್ಚು ಇರುವ ಜಾಗದಲ್ಲಿ 1-2 ಮಿಮೀ ಆದರೆ ಸ್ಟೇಜ್ 1, 3-4 ಆದರೆ 2, 5 ಅಥವಾ ಮೇಲೆ ಆದರೆ 3 ಅಥವಾ 4. ಆ ಮೂರು-ನಾಲ್ಕರ ನಡುವೆ ತೀರ್ಮಾನ ಮಾಡುವುದು ಪೆರಿಯೋದಿಂದ ಕಳಕೊಂಡ ಹಲ್ಲುಗಳ ಸಂಖ್ಯೆ, ಅಗಿಯಲಿಕ್ಕೆ ಆಗುತ್ತದೋ ಇಲ್ಲವೋ ಎಂಬುದು. ಗ್ರೇಡ್‌ಗೆ ಮೂಳೆ ಸವೆತದ ಶೇಕಡಾವನ್ನು ವಯಸ್ಸಿನಿಂದ ಭಾಗಿಸಿ: 0.25ಕ್ಕಿಂತ ಕಮ್ಮಿ ಎ, 1.0ರ ತನಕ ಬಿ, ಮೇಲೆ ಸಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) 7 ಅಥವಾ ಮೇಲಿದ್ದ ಸಕ್ಕರೆ ಕಾಯಿಲೆಯವರು, ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದುವವರು ನೇರ ಸಿ. ಫ್ಯಾಕಲ್ಟಿ ಕೇಳುವುದು ಇದನ್ನೇ.

ಸ್ಕೇಲರ್_204
ಸರಿ, ಡಯಾಗ್ನೋಸಿಸ್ ಬಗ್ಗೆ ಒಪ್ಪಿದೆ. ಆದರೆ ಅಂಕಿಯೇ ತಪ್ಪಿದ್ದರೆ ಸ್ಟೇಜೂ ತಪ್ಪು. ಪ್ರೋಬ್ ಸರಿಯಾಗಿ ಇಳಿಸೋ ಕೈ ಇರೋದು ದೊಡ್ಡ ವಿಷಯವೇ.

ಗ್ರೇಸಿ_1314
ಮೈಕೈ ಬಗ್ಗೆ ಕೇಳಿದ್ದರಲ್ಲ, ಅದಕ್ಕೆ ಬರ್ತೀನಿ. ಹೈಜೀನಿಸ್ಟ್‌ಗಳಿಗೆ ಕುತ್ತಿಗೆ, ಭುಜ, ಮಣಿಕಟ್ಟು ಹೋಗೋದು ಎಲ್ಲರಿಗೂ ಗೊತ್ತಿರೋದೇ. ಅದರ ಮೇಲೆ ವಾರವಿಡೀ ಸಿಮ್ ಲ್ಯಾಬ್ ಸೇರಿದರೆ ಮೊದಲು ಮಾತಾಡೋದು ಹೆಬ್ಬೆರಳಿನ ಬುಡ. ತಪ್ಪಿಸೋಕೆ ಮೂರು ಕಡೆ ದುಡ್ಡು ಹಾಕಿ. ದಪ್ಪ ಹಿಡಿಕೆ, ಸುಮಾರು 10 ಮಿಮೀ, ತೂಕ 15 ಗ್ರಾಂ ಒಳಗೆ ಇರುವ ಸ್ಕೇಲರ್‌ಗಳು, ನಿಮ್ಮದೇ ಒಂದು ಕ್ಯಾಸೆಟ್. ಅಳತೆಗೆ ಸರಿಯಾದ ಗ್ಲೌಸ್, ಬಿಗಿ ಗ್ಲೌಸ್ ಹಾಕಿ ದಿನವಿಡೀ ಮಾಡಿದರೆ ಬೆರಳು ಜೋಮು ಹಿಡಿಯುತ್ತೆ. ಮತ್ತೆ ಲೂಪ್ಸ್ (ವರ್ಧಕ ಕನ್ನಡಕ).

ಲೂಪ್ಸ್‌ನಲ್ಲಿ ಎಲ್ಲರೂ ಎಡವುತ್ತಾರೆ. ಸ್ಕೂಲ್‌ಗೆ 3.5 ಎಕ್ಸ್ ಕೊಂಡು ಅದನ್ನೇ ಹೈಜೀನ್‌ಗೂ ಹಾಕ್ತಾರೆ. ವರ್ಧನೆ ಹೆಚ್ಚಾದಷ್ಟೂ ಕಾಣೋ ವಿಸ್ತಾರ, ಆಳ ಎರಡೂ ಕಮ್ಮಿ. ಒಂದೇ ಹಲ್ಲಿನ ಮೇಲೆ ಕೂರೋ ಪ್ರೆಪ್‌ಗೆ ಅದು ಸರಿ, ಇಡೀ ಬಾಯಿ ಸುತ್ತೋ ಸ್ಕೇಲಿಂಗ್‌ಗೆ ತಲೆ ಹಿಂದೆ ಮುಂದೆ ಮಾಡಿಸಿ ಕುತ್ತಿಗೆ ಕೆಡಿಸುತ್ತೆ. ಹೈಜೀನ್‌ಗೆ 2.5 ಸಾಕು. ಅಳತೆ ಕೊಡುವಾಗ ನೀವು ನಿಜವಾಗಿ ಕೂರೋ ಭಂಗಿಯಲ್ಲೇ ವರ್ಕಿಂಗ್ ಡಿಸ್ಟೆನ್ಸ್ ತೆಗೆಸಿ. ನೆಟ್ಟಗೆ ನಿಂತು ಅಳತೆ ಕೊಟ್ಟರೆ ಆಮೇಲೆ ಬಗ್ಗಿಯೇ ಕೆಲಸ ಮಾಡಬೇಕಾಗುತ್ತೆ.

ಧಾರವಾಡದ_ಗಾಳಿ
ಮೊಂಡ ಕ್ಯೂರೆಟ್ (ಪಾಚಿ ಕೆರಿಯೂ ಉಪಕರಣ) ಕೈ ಹಾಳ ಮಾಡೂವಷ್ಟು ಬ್ಯಾರೆ ಯಾವುದೂ ಮಾಡಂಗಿಲ್ರಿ. ಟೆಂಪ್‌ಗೆ ಹೋದ ಕಡೆ ಸಾಣಿ ಹಿಡಿದಿರಂಗಿಲ್ಲ, ಅದಕ್ಕ ಕಲ್ಲು ಮತ್ತ ಟೆಸ್ಟ್ ಸ್ಟಿಕ್ ಚೀಲದಾಗ ಇಟ್ಕೋರಿ. ಬ್ಲೇಡಿನ ಅಂಚಿಗೆ ಬೆಳಕ ಬಿಟ್ಟು ನೋಡ್ರಿ. ಬಿಳಿ ಗೆರಿ ಹೊಳೀತಂದ್ರ ಮೊಂಡ, ಚೂಪಿದ್ರ ಬೆಳಕ ತಿರುಗಿ ಬರಂಗಿಲ್ಲ. ಗ್ರೇಸಿ ಅನ್ನೂ ಥರದ ಕ್ಯೂರೆಟ್‌ಗೆ ಕೆಳಗಿನ ಒಂದ ಅಂಚು ಸಾಣಿ ಹಿಡೀಬೇಕು, ಮುಖ ನೆಲಕ್ಕ ಸಮ ಇರಬೇಕು, ಕಲ್ಲು ಮುಖಕ್ಕ 100ರಿಂದ 110 ಡಿಗ್ರಿ. ಹೀಲ್‌ನಿಂದ ಟೋ ತನಕ ಸಣ್ಣ ಸಣ್ಣ ಎಳೆತ, ಕಡೀಕ ಕೆಳಮುಖ ಎಳೆತದಾಗ ಮುಗಸ್ರಿ, ಇಲ್ಲಾಂದ್ರ ಅಂಚಿಗೆ ತಂತಿ ಥರ ಲೋಹ ಉಳೀತದ. ಸ್ಟೆರೈಲ್ ಆದ ಇನ್‌ಸ್ಟ್ರುಮೆಂಟಿಗೆ ಸ್ಟೆರೈಲ್ ಕಲ್ಲು, ಸಾಣಿ ಆದ ಮ್ಯಾಲೆ ಮತ್ತ ಆಟೋಕ್ಲೇವ್.

ಟ್ಯಾಂಪಾ_ಕನ್ನಡಿಗ
ಅಲ್ಟ್ರಾಸಾನಿಕ್ ಟಿಪ್‌ನ್ನೂ ನೋಡ್ಕೊಳ್ಳಿ. 1 ಮಿಮೀ ಸವೆದರೆ ಕಾಲುಭಾಗ ಸಾಮರ್ಥ್ಯ ಹೋಯ್ತು, 2 ಮಿಮೀ ಸವೆದರೆ ಅರ್ಧ, ಎಸೆಯಬೇಕು. ಸವೆದ ಟಿಪ್‌ನಲ್ಲಿ ಪವರ್ ಏರಿಸಿ ಕೆಲಸ ತೆಗೀತಾರೆ. ರೋಗಿಗೆ ನೋವು, ಕೆಲಸವೂ ಆಗಲ್ಲ.

ಬಯಲುಸೀಮೆ
ಸ್ವಲ್ಪ ವಿಷಯ ಬಿಟ್ಟು ಕೇಳ್ತೀನಿ. ನಮ್ಮ ಕರ್ನಾಟಕದಲ್ಲಿ ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾ ಮಾಡಿದವರು ಕೆಲಸ ಮಾಡ್ತಾ ಬಿಡಿಎಸ್ ಓದಬಹುದಾ?

ಮೈಸೂರು_ಮಲ್ಲಿಗೆ
1948ರ ಡೆಂಟಿಸ್ಟ್ಸ್ ಕಾಯ್ದೆಯಲ್ಲೇ ಹೈಜೀನಿಸ್ಟ್ ಅನ್ನೋ ವರ್ಗ ಬಂದಿತ್ತು, ಹಲ್ಲು ಸ್ಕೇಲ್, ಕ್ಲೀನ್, ಪಾಲಿಶ್ ಮಾಡೋದು, ಬಾಯಿ ಶುಚಿತ್ವ ಹೇಳಿಕೊಡೋದು. ಎರಡು ವರ್ಷದ ಡಿಪ್ಲೊಮಾ. ಆದರೆ ಅಲ್ಲಿಂದ ಬಿಡಿಎಸ್‌ಗೆ ಅಡ್ಡದಾರಿ ಇಲ್ಲ, ಪಿಯುಸಿ ವಿಜ್ಞಾನ ಮತ್ತು ನೀಟ್ ಬರೆದು ಮೊದಲ ವರ್ಷದಿಂದಲೇ ಸೇರಬೇಕು. ಹಾಜರಾತಿ ಕಡ್ಡಾಯ ಇರೋ ಪೂರ್ಣಾವಧಿ ಕೋರ್ಸು, ಹಗಲಲ್ಲಿ ಕೆಲಸ ಆಗಲ್ಲ. ನಮ್ಮಲ್ಲಿ ಬಹುತೇಕ ಕ್ಲಿನಿಕ್‌ಗಳಲ್ಲಿ ಸ್ಕೇಲಿಂಗ್ ಮಾಡೋದು ಡೆಂಟಿಸ್ಟರೇ, ಹಾಗಾಗಿ ಹೈಜೀನಿಸ್ಟ್ ಹುದ್ದೆಯೇ ವಿರಳ.

ಪಡುಕಡಲು
ಅಮೆರಿಕದಲ್ಲಿ ಅದು ಬೆಳೆದ ರೀತಿಯೇ ಬೇರೆ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟಿನಲ್ಲಿ ಆಲ್ಫ್ರೆಡ್ ಫೋನ್ಸ್ 1913ರಲ್ಲಿ ಶುರು ಮಾಡಿದ ತರಗತಿಯಿಂದ ಬಂದ ವೃತ್ತಿ. ಶಾಲೆ ಮಕ್ಕಳ ಹಲ್ಲು ಶುಚಿ ಮಾಡುವುದೇ ಆಗ ಮುಖ್ಯ ಕೆಲಸ. ನಮ್ಮಲ್ಲಿ ಕಾಯ್ದೆಯಲ್ಲಿ ಹೆಸರು ಬಂತು, ಹುದ್ದೆ ಬರಲಿಲ್ಲ. ಹಳ್ಳಿ ಶಾಲೆಗಳಿಗೆ ಇಂಥವರನ್ನು ಕಳಿಸಿದ್ದರೆ ಎಷ್ಟೋ ಮಕ್ಕಳ ಹಲ್ಲು ಉಳಿಯುತ್ತಿತ್ತು.

ಮಲೆನಾಡ_ಮಳೆ
ನಮ್ಮ ಕಡೆಯ ವಿಷಯ ಬಂತು ಅಂತ ಹೇಳ್ತೀನಿ. ಅಡಿಕೆ ಜಗಿಯೋ ರೋಗಿಗಳು ಇಲ್ಲಿನ ಹೈಜೀನ್ ಕುರ್ಚಿಗೂ ಬರ್ತಾರೆ, ಭಾರತದಿಂದ ಮಕ್ಕಳ ಮನೆಗೆ ಬಂದ ಹಿರಿಯರು, ಗುಟ್ಕಾ ಬಿಡದ ಹುಡುಗರು. ಇಲ್ಲಿ ಓದಿದ ಸಹಪಾಠಿಗಳು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ (ಅಡಿಕೆಯಿಂದ ಬಾಯಿಯ ಒಳಪದರ ಬಿಗಿಯೋ ರೋಗ) ಪುಸ್ತಕದಲ್ಲಿ ಮಾತ್ರ ನೋಡಿರ್ತಾರೆ. ಕೆನ್ನೆ ಒಳಭಾಗ ಬಿಳಚಿಕೊಂಡಿದೆಯಾ, ಬೆರಳಿಗೆ ಹುರಿಯಂತೆ ಬ್ಯಾಂಡ್ ಸಿಗುತ್ತಾ, ಖಾರ ತಡೆಯಲ್ವಾ, ಬಾಯಿ ಎಷ್ಟು ತೆರೆಯುತ್ತೆ, ಇಷ್ಟು ನೋಡಿ. ಮೇಲಿನ ಕೆಳಗಿನ ಮುಂಬಾಚಿ ಹಲ್ಲುಗಳ ನಡುವೆ 35 ಮಿಮೀಗಿಂತ ಕಮ್ಮಿ ಅಂದರೆ ಅಂಕಿ ಬರೆದು ಡಾಕ್ಟರ್‌ಗೆ ತೋರಿಸಿ. ಅಡಿಕೆಯನ್ನ ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) 2004ರಲ್ಲೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಅಂತ ಸೇರಿಸಿದೆ, ತಂಬಾಕು ಇಲ್ಲದಿದ್ದರೂ. ಕಲೆ ತೆಗೆದು ಪಾಲಿಶ್ ಮಾಡಿ ಕಳಿಸಿಬಿಡಬೇಡಿ. ಕನ್ನಡದಲ್ಲೇ ಕೂತು ಕೇಳಿದರೆ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಅಂತ ನಿಜ ಹೇಳ್ತಾರೆ. ಇಂಗ್ಲಿಷ್ ಫಾರಮ್ಮಿನ ತಂಬಾಕಿನ ಪ್ರಶ್ನೆಗೆ "ಇಲ್ಲ" ಅಂತ ಗುರುತು ಹಾಕಿರ್ತಾರೆ, ಯಾಕಂದ್ರೆ ಅವರ ಲೆಕ್ಕದಲ್ಲಿ ಅಡಿಕೆ ತಂಬಾಕಲ್ಲ.

ಬಯಲುಸೀಮೆ
ಫಾರಂ ವಿಷಯ ಯಾರೂ ಯೋಚಿಸಿರಲ್ಲ. ಒಳ್ಳೇ ಮಾತು.

ಲೆಕ್ಕದ_ಪುಸ್ತಕ
ಮತ್ತೆ ದಾರಿಗೆ ಬರೋಣ. ತುಂಗೆಯ_ತೀರ ಅವರೇ, ನಾಲ್ಕು ವರ್ಷದ ಡಿಡಿಎಸ್ ಓದುವವರಿಗೂ ನಿಮಗೂ ವ್ಯತ್ಯಾಸ ಇದೆ. ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಎರಡರಿಂದ ಮೂರು ವರ್ಷದಲ್ಲಿ ಮುಗಿಯಬೇಕು, ಹಾಗಾಗಿ ಪ್ರೀಕ್ಲಿನಿಕಲ್ ಭಾಗ ಕೆಲವೇ ತಿಂಗಳಿಗೆ ಅಡಕ. ಆ ತಿಂಗಳುಗಳಲ್ಲಿ ಸೊನ್ನೆ ಕೆಲಸ. ಕ್ಲಿನಿಕ್ ಶುರುವಾಗಿ ರೋಗಿಗಳ ಪಟ್ಟಿ ಕೈಗೆ ಬಂದ ಮೇಲೆ ತಿಂಗಳಿಗೆ ಎರಡು ಶನಿವಾರ, ರಜೆಯಲ್ಲಿ ಹೆಚ್ಚು.

ಧಾರವಾಡದ_ಗಾಳಿ
ಕ್ಲಿನಿಕ್ ವರ್ಷ ಸುಲಭ ಅನ್ನೂದು ಎಲ್ಲಾ ಕಡೆ ಖರೇ ಅಲ್ರಿ. ರಿಕ್ವೈರ್‌ಮೆಂಟ್ (ಮುಗಿಸಲೇಬೇಕಾದ ಕೇಸುಗಳು) ಮುಗೀದಿದ್ರ ಪದವಿ ಮುಂದ ಹೋಗ್ತದ. ರೋಗಿ ಬರಲಿಲ್ಲಂದ್ರ ಇನ್ನೊಬ್ಬರಿಗೆ ಫೋನ್ ಹಚ್ಚೂದು, ಲ್ಯಾಬ್ ಕೇಸ್ ಕಳಸೂದು, ಟ್ರೀಟ್‌ಮೆಂಟ್ ಪ್ಲಾನ್ ಬರಿಯೂದು, ಇದೆಲ್ಲಾ ಸಂಜಿಗೆ ಬೀಳ್ತದ. ಐಎನ್‌ಬಿಡಿಇ (ಡೆಂಟಿಸ್ಟರ ರಾಷ್ಟ್ರಮಟ್ಟದ ಲಿಖಿತ ಪರೀಕ್ಷೆ) ಬಾಕಿ ಇದ್ರ ಮೊದಲ ಅದನ್ನ ಮುಗಸ್ರಿ. ಎರಡು ದಿನದ 500 ಪ್ರಶ್ನಿ, ಶನಿವಾರದ ದುಡಿಮಿ ಜೊತಿ ಓದಾಕ ಆಗೂದಿಲ್ಲ.

ತುಂಗೆಯ_ತೀರ
ಐಎನ್‌ಬಿಡಿಇ ಮುಗಿದಿದೆ. ಫ್ಲಾರಿಡಾ ಸ್ಕೂಲಿನ ಉತ್ತರಕ್ಕೆ ಕಾಯ್ತೀನಿ, ಬೇರೆ ರಾಜ್ಯದ ಬೋರ್ಡಿಗೆ ಇವತ್ತೇ ಇಮೇಲ್ ಹಾಕ್ತೀನಿ. ಇನ್ನೊಂದು: ಬೇರೆ ರಾಜ್ಯಕ್ಕೆ ಹೋಗಲೇಬೇಕಾದರೆ ಫ್ಲಾರಿಡಾ ಹೈಜೀನ್ ಲೈಸೆನ್ಸ್ ಏನು ಮಾಡಲಿ? ಬಿಟ್ಟುಬಿಡಲಾ?

ಟ್ಯಾಂಪಾ_ಕನ್ನಡಿಗ
ಬಿಡಬೇಡಿ. ಅವಧಿ ಮುಗಿಸಿಕೊಂಡರೆ ಮತ್ತೆ ಜೀವ ಕೊಡೋದು ತಲೆನೋವು. ಎರಡು ವರ್ಷಕ್ಕೊಮ್ಮೆ ನವೀಕರಣ, 24 ಗಂಟೆ ಮುಂದುವರಿದ ಶಿಕ್ಷಣ, ಸಿಪಿಆರ್ ಚಾಲ್ತಿಯಲ್ಲಿರಬೇಕು. ಸಿಪಿಆರ್ ಹೇಗೂ ಸ್ಕೂಲಿಗೂ ಬೇಕು, ಒಂದೇ ಕಾರ್ಡ್ ಎರಡಕ್ಕೂ ಆಗುತ್ತೆ. ಮನೆ ಫ್ಲಾರಿಡಾದಲ್ಲೇ ಇದ್ದರೆ ಬೇಸಿಗೆ ಮತ್ತು ಡಿಸೆಂಬರ್ ರಜೆಗೆ ಬಂದಾಗ ಟೆಂಪ್ ಮಾಡಬಹುದು. ಹಳೇ ಕ್ಲಿನಿಕ್‌ನವರಿಗೆ ಹೊರಡುವ ಮುಂಚೆಯೇ ರಜೆಯ ದಿನಾಂಕ ಕೊಟ್ಟಿರಿ, ಅವರ ಖಾಯಂ ಹೈಜೀನಿಸ್ಟ್ ರಜೆ ಹಾಕೋದೂ ಆಗಲೇ.

ಪಡುಕಡಲು
ವಿಳಾಸ ಬದಲಾದರೆ ಬೋರ್ಡಿಗೆ ತಿಳಿಸಲಿಕ್ಕೆ ಮರೆಯಬೇಡಿ. ನವೀಕರಣದ ನೋಟಿಸು ಹಳೇ ಇಮೇಲ್‌ಗೆ ಹೋಗಿ ಲೈಸೆನ್ಸ್ ಕಳಕೊಂಡವರು ಇದ್ದಾರೆ.

ಗ್ರೇಸಿ_1314
ರಜೆಯಲ್ಲಿ ಮಾತ್ರ ಮಾಡೋದಾದರೆ ಮೊದಲ ದಿನವೇ ಎಂಟು ರೋಗಿಗಳನ್ನ ಹಾಕಿಸ್ಕೋಬೇಡಿ. ಐದು ಹಾಕಿಸಿ, ಅದರಲ್ಲಿ ಡಿ4341 ಒಂದಕ್ಕಿಂತ ಹೆಚ್ಚು ಬೇಡ ಅಂತ ಹೇಳಿ. ತಿಂಗಳುಗಟ್ಟಲೆ ಹ್ಯಾಂಡ್‌ಪೀಸ್ ಹಿಡಿದ ಕೈಗೆ ಕ್ಯೂರೆಟ್ ಒತ್ತಡ ಮತ್ತೆ ರೂಢಿಯಾಗೋಕೆ ಎರಡು ಮೂರು ದಿನ ಬೇಕು.